ಬಿಗಿಹಿಡಿದದ್ದು ಹೋಯಿತು, ಹಂಚಿದ್ದು ಉಳಿಯಿತು

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಕೂಡಿ ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ಹೆಚ್ಚಿನ ಪಾಳಿಯ ಕೂಲಿ ಇವುಗಳ ಮೇಲೆ ಮಾತಾಡು ಎಂದರೆ ನನಗೆ ಕಷ್ಟವಿಲ್ಲ. ಈ ಸಲ ನೀವು "ಮನುಷ್ಯನಿಗೆ ನೆಮ್ಮದಿ ಯಾವುದರಿಂದ?" ಎಂಬ ವಿಷಯ ಕೊಟ್ಟಿದ್ದೀರಿ. ಕಾರ್ಯದರ್ಶಿಗಳು ಇದನ್ನು ಬರೆದು ಕಳಿಸಿದಾಗ, ಇದು ನಮ್ಮ ಸಂಘದ ಸಭೆಯೋ, ಮಠದ ಪುರಾಣವೋ ಎಂದು ಒಂದು ಗಳಿಗೆ ಅನುಮಾನ ಬಂತು. ಇಲ್ಲಿಗೆ ಬಂದು ನಾಲ್ಕು ಜನರನ್ನು ಕೇಳಿದ ಮೇಲೆ ಕಾರಣ ತಿಳಿಯಿತು.

ಗಿರಣಿಯಲ್ಲಿ ಈಗ ಎರಡು ಬಗೆಯ ಕೆಲಸಗಾರರಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಖಾಯಂ ಜನ ಒಂದು ಬಗೆ. ಗುತ್ತೇದಾರನ ಚೀಟಿಯ ಮೇಲೆ ಬರುವ ಜನ ಇನ್ನೊಂದು ಬಗೆ. ಯಂತ್ರ ಒಂದೇ, ಪಾಳಿ ಒಂದೇ, ಎದೆಯೊಳಗೆ ಹೋಗುವ ಹತ್ತಿಯ ಧೂಳೂ ಒಂದೇ. ಪಗಾರ ಮಾತ್ರ ಬೇರೆ. ಗುತ್ತಿಗೆಯವರಿಗೂ ಸರಿಸಮ ಪಗಾರ ಕೊಡಿರೆಂದು ಸಂಘ ಕೇಳಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿದೆ. "ಅವರಿಗೆ ಕೊಡಬೇಕಾದರೆ ನಿಮ್ಮ ಬೋನಸ್ಸಿನಿಂದಲೇ ಕಡಿಯಬೇಕಾದೀತು" ಎಂಬ ಸುದ್ದಿ ಮೇಲಿನಿಂದ ಹಬ್ಬಿದೆ. ಅಂದಿನಿಂದ ನಮ್ಮಲ್ಲಿ ಕೆಲವರು ಬಾಯಿ ಮುಚ್ಚಿಕೊಂಡಿದ್ದಾರೆ. ಬಾಯಿ ಮುಚ್ಚಿದರೂ ಅವರಿಗೆ ಸುಖವಿಲ್ಲ. ಊಟದ ಬಿಡುವಿನಲ್ಲಿ ಗುತ್ತಿಗೆಯವನ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚಲು ಮನಸ್ಸು ಹಿಂಜರಿಯುತ್ತದೆ. ಪೇಟೆಯಲ್ಲಿಯೂ ಇಂಥದೇ ಕಸಿವಿಸಿ. ನಾಳೆ ಸಂಪು ಆದರೆ ಉದ್ರಿ ಕೊಡುವುದೋ, ಬಾಗಿಲಿಗೆ ಬೋರ್ಡು ಹಾಕುವುದೋ ಎಂದು ಅಂಗಡಿಕಾರರು ಲೆಕ್ಕ ಹಾಕುತ್ತಿದ್ದಾರೆ. ಈ ಕಸಿವಿಸಿಯೇ ಇವತ್ತಿನ ವಿಷಯ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. "ಇದ್ದುದರಲ್ಲಿ ತೃಪ್ತಿಪಡು" ಎಂಬ ಉಪದೇಶವನ್ನು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುತ್ತ ಬಂದಿದ್ದಾರೆ. ಅದು ಉಪದೇಶವಲ್ಲ, ಬಡವನ ಬಾಯಿಗೆ ಹಾಕುವ ಬೀಗ. ದುಡಿದವನು ತನ್ನ ದುಡಿಮೆಯ ಪಾಲು ಕೇಳುವುದು ದುರಾಸೆಯಲ್ಲ, ಅದು ಹಕ್ಕು. ಮಗುವಿಗೆ ಹಾಲು, ಮಳೆಗೆ ಸೋರದ ಮಾಡು, ಮುಪ್ಪಿನಲ್ಲಿ ಔಷಧ, ಇವನ್ನು ಕೇಳುವವನಿಗೆ ತೃಪ್ತಿಯ ಪಾಠ ಹೇಳಲು ನಾನು ಬಂದಿಲ್ಲ. ಆದರೆ ನನ್ನ ಪಾಲು ನನಗೆ ಸಿಕ್ಕಿತು, ಪಕ್ಕದವನದು ಅವನ ಹಣೆಬರಹ ಎಂದು ಯಾವಾಗ ಅನ್ನುತ್ತೇವೆಯೋ, ಆಗ ಮಾಲಕನ ರೋಗ ನಮಗೂ ಅಂಟಿತೆಂದು ತಿಳಿಯಬೇಕು. ಆ ರೋಗ ಹತ್ತಿದವನಿಗೆ ಎಷ್ಟು ಬಂದರೂ ನೆಮ್ಮದಿ ಬರುವುದಿಲ್ಲ. ಇದಕ್ಕೆ ಸಾಕ್ಷಿಯಾಗಿ ನಿಮ್ಮ ಕೈಗೆ ಪರಿಚಯವಿರುವ ಹತ್ತಿಯ ಚರಿತ್ರೆಯನ್ನೇ ಹೇಳುತ್ತೇನೆ.

ಇಂಗ್ಲಂಡಿನ ಲ್ಯಾಂಕಶೈರ್ ಪ್ರಾಂತದಲ್ಲೂ ಅದರ ಅಂಚಿನಲ್ಲೂ ಮ್ಯಾಂಚೆಸ್ಟರ್, ರಾಚ್‌ಡೇಲ್, ಸ್ಟೇಲಿಬ್ರಿಜ್ ಮೊದಲಾದ ಗಿರಣಿ ಊರುಗಳಿದ್ದವು. 1860ರ ಸುಮಾರಿಗೆ ಅಲ್ಲಿ ನೂಲುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಅಮೇರಿಕೆಯ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ನೀಗ್ರೋ ಗುಲಾಮರು. ಆ ದೇಶದಲ್ಲಿ ಆಗ ಹತ್ತಿರ ಹತ್ತಿರ 40 ಲಕ್ಷ ಜನ ಗುಲಾಮರಿದ್ದರು. ದನಗಳ ಸಂತೆಯಲ್ಲಿ ಎತ್ತುಗಳನ್ನು ಮಾರುವಂತೆ ಅವರನ್ನು ಮಾರುತ್ತಿದ್ದರು. 1859ರಲ್ಲಿ ಸಾರಾ ಪಾರ್ಕರ್ ರೆಮಂಡ್ ಎಂಬ ಅಮೇರಿಕೆಯ ಕಪ್ಪು ಹೆಣ್ಣುಮಗಳು ಮ್ಯಾಂಚೆಸ್ಟರಿಗೆ ಬಂದು, ನೀವು ನೂಲುವ ಹತ್ತಿಯ ಹಣದಲ್ಲಿ ಒಂದು ಕಾಸೂ ಅದನ್ನು ಬೆಳೆದವರ ಕೈಗೆ ಬರುವುದಿಲ್ಲವೆಂದು ಸಭೆಯಲ್ಲಿ ಬಿಡಿಸಿ ಹೇಳಿದಳು. ತಾವು ಹಿಡಿದ ಎಳೆಯ ಇನ್ನೊಂದು ತುದಿಯಲ್ಲಿ ಸಂಕೋಲೆಯಿದೆ ಎಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿದ ಸಂಗತಿ.

1861ರಲ್ಲಿ ಅಮೇರಿಕೆಯ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿತು. ಉತ್ತರದ ಅಧ್ಯಕ್ಷನಾದ ಲಿಂಕನ್ ದಕ್ಷಿಣದ ಬಂದರುಗಳಿಗೆ ಹಡಗುಗಳ ಕಾವಲು ಹಾಕಿಸಿದ. ಹತ್ತಿ ಹೊರಗೆ ಹೋಗುವುದು ನಿಂತಿತು. ಲ್ಯಾಂಕಶೈರಿನಲ್ಲಿ ಒಂದೊಂದೇ ಗಿರಣಿ ಬಾಗಿಲು ಹಾಕಿತು. 1862ರ ಚಳಿಗಾಲದ ಹೊತ್ತಿಗೆ 4 ಲಕ್ಷಕ್ಕೂ ಮಿಕ್ಕ ಜನ ಪರಿಹಾರದ ಗಂಜಿಗೆ ಕೈಯೊಡ್ಡಬೇಕಾಯಿತು. ಮನೆಯ ಹಾಸಿಗೆ ಮಂಚಗಳು ಗಿರವಿ ಅಂಗಡಿಗೆ ಹೋದವು. ಆಗ ಅಲ್ಲಿಯ ವರ್ತಕರಲ್ಲಿ, ಮಾಲಕರಲ್ಲಿ ಅನೇಕರು ಒಂದು ಹಾದಿ ತೋರಿಸಿದರು: ಇಂಗ್ಲಂಡ್ ದಕ್ಷಿಣದ ಪಕ್ಷ ವಹಿಸಲಿ, ನಮ್ಮ ನೌಕಾಪಡೆ ಹೋಗಿ ಬಂದರಿನ ಕಾವಲು ಮುರಿಯಲಿ, ಹತ್ತಿ ಬರುತ್ತದೆ, ಗಿರಣಿ ತೆರೆಯುತ್ತದೆ, ನಿಮ್ಮ ಒಲೆ ಹೊತ್ತುತ್ತದೆ. ಹಸಿದವನ ಮುಂದೆ ಇದಕ್ಕಿಂತ ದೊಡ್ಡ ಆಸೆ ಯಾವುದು?

1862ರ ಡಿಸೆಂಬರ್ 31ರ ರಾತ್ರಿ ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಕೆಲಸಗಾರರ ಸಭೆ ಸೇರಿತು. ಮಾರನೆಯ ದಿನದಿಂದ ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬರುವುದಿತ್ತು. ನಮ್ಮ ಒಲೆಗಾಗಿ ಅವರ ಸಂಕೋಲೆ ಉಳಿಯಬೇಕಾಗಿಲ್ಲ, ನೀವು ಹಿಡಿದ ಕೆಲಸ ಪೂರೈಸಿರಿ ಎಂಬ ಭಾವದ ಪತ್ರವನ್ನು ಆ ಸಭೆ ಲಿಂಕನ್ನನಿಗೆ ಕಳಿಸಿತು. 1863ರ ಜನವರಿ 19ರಂದು ಅವನು ಉತ್ತರ ಬರೆದ. ನಿಮ್ಮ ಸಂಕಟ ನನಗೆ ಗೊತ್ತು, ಇಂಥ ಧೀರತನವನ್ನು ಯಾವ ಕಾಲವೂ ಯಾವ ದೇಶವೂ ಮೀರಿಸಿಲ್ಲ ಎಂಬುದು ಆ ಉತ್ತರದ ತಾತ್ಪರ್ಯ. ಅದರ ಮರುತಿಂಗಳು ಅಮೇರಿಕೆಯ ಜನ ಕಳಿಸಿದ ಸಾವಿರಾರು ಪೀಪಾಯಿ ಹಿಟ್ಟು ಹೊತ್ತು "ಜಾರ್ಜ್ ಗ್ರಿಸ್ವೋಲ್ಡ್" ಎಂಬ ಹಡಗು ಲಿವರ್‌ಪೂಲಿಗೆ ಬಂತು. ಆ ಪೀಪಾಯಿಗಳಲ್ಲಿ ಒಂದನ್ನು ರಾಚ್‌ಡೇಲಿನವರು ಜೋಪಾನ ಮಾಡಿ ಇಟ್ಟಿದ್ದಾರೆ. ಲಿಂಕನ್ನನ ಪ್ರತಿಮೆ ಮ್ಯಾಂಚೆಸ್ಟರಿನ ಚೌಕದಲ್ಲಿ ನಿಂತಿದೆ. ಅವನ ಪತ್ರದ ಮಾತುಗಳನ್ನು ಅದರ ಪೀಠದ ಮೇಲೆ ಕೆತ್ತಿದ್ದಾರೆ.

ಲ್ಯಾಂಕಶೈರಿನ ಕೆಲಸಗಾರರೆಲ್ಲ ಹೀಗೆಯೇ ಇದ್ದರೆಂದರೆ ಸುಳ್ಳಾಗುತ್ತದೆ. ಹಸಿವಿಗೆ ಸೋತು ದಕ್ಷಿಣದ ಪಕ್ಷ ಹಿಡಿದವರೂ ಇದ್ದರು. ಅದನ್ನು ಬಚ್ಚಿಡುವ ಕಾರಣವಿಲ್ಲ. ಇಷ್ಟು ಹಸಿವಿನಲ್ಲಿಯೂ ಅಷ್ಟೊಂದು ಜನ ಸೋಲಲಿಲ್ಲವಲ್ಲ, ಅದು ದೊಡ್ಡದು.

ಅದೇ ವರ್ಷಗಳಲ್ಲಿ ನಮ್ಮ ಕಡೆ ಏನು ನಡೆಯಿತು? ಅಮೇರಿಕೆಯ ಹತ್ತಿ ನಿಂತಾಗ ಇಂಗ್ಲಂಡಿನ ಕಣ್ಣು ಹಿಂದುಸ್ತಾನದ ಮೇಲೆ ಬಿತ್ತು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ 1840ರಿಂದೀಚೆಗೆ ಅಮೇರಿಕೆಯ ಬೀಜದ ಹತ್ತಿಯನ್ನೂ ಬೆಳೆಸುತ್ತ ಬಂದಿದ್ದರು. ನಮ್ಮ ದೇಶಿ ಹತ್ತಿ ಕುಮಟೆಯ ಬಂದರಿನಿಂದ ಹೋಗುತ್ತಿದ್ದುದರಿಂದ ಅದಕ್ಕೆ ಪೇಟೆಯಲ್ಲಿ "ಕುಮಟಾ" ಎಂದೇ ಹೆಸರು. ಕಾರವಾರದಲ್ಲಿ ಹತ್ತಿಯ ಬಂದರು ಮಾಡಬೇಕೆಂಬ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ಹತ್ತಿಯ ಬೆಲೆ ಹಲವು ಪಟ್ಟು ಏರಿತು. ರೈತನ ಕೈಗೂ ನಾಲ್ಕು ಕಾಸು ಬಂತು. ದಲ್ಲಾಳಿಯ, ಸಾಹುಕಾರನ, ಮುಂಬಯಿಯ ವರ್ತಕನ ಕೈಗೆ ಹೊಳೆಯೇ ಹರಿಯಿತು.

ಹಣ ಬಂದದ್ದು ತಪ್ಪಲ್ಲ. ಬಂದ ಹಣ ಸಾಲದೆ ಹೋದದ್ದೇ ವಿಪರೀತ. ತೂಕ ಹೆಚ್ಚಲೆಂದು ಅರಳೆಯಲ್ಲಿ ಹತ್ತಿಕಾಳು, ಕಸ, ಮಣ್ಣು ಬೆರೆಸಿದರು. ನೀರು ಚಿಮುಕಿಸಿ ಬಿಗಿದರು. ಈ ಕಲಬೆರಕೆಯನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಆ ಕಸದ ಹತ್ತಿ ಎಲ್ಲಿಗೆ ಹೋಯಿತು? ಲ್ಯಾಂಕಶೈರಿನಲ್ಲಿ ಅಷ್ಟಿಷ್ಟು ತೆರೆದಿದ್ದ ಗಿರಣಿಗಳಿಗೆ. ನಮ್ಮ ಹತ್ತಿಯ ಎಳೆ ಮೊದಲೇ ಗಿಡ್ಡ. ಕಸ ಸೇರಿದ ಮೇಲೆ ಗಳಿಗೆಗೊಮ್ಮೆ ನೂಲು ಹರಿಯುತ್ತಿತ್ತು. ಅಲ್ಲಿಯವರದು ತಯಾರಾದ ಮಾಲಿನ ಲೆಕ್ಕದ ಕೂಲಿ. ನೂಲು ಹರಿದಷ್ಟೂ ಪಗಾರ ಇಳಿಯಿತು. ಮುಂಬಯಿ ಕಡೆಯ ಹತ್ತಿಗೆಲ್ಲ ಅವರು "ಸೂರತ್" ಎನ್ನುತ್ತಿದ್ದರು. ಆ ಹೆಸರೇ ಅಲ್ಲಿ ಒಂದು ಬೈಗುಳವಾಯಿತು. ನಮ್ಮ ಕಡೆಯ ವಖಾರಿಯಲ್ಲಿ ಬೆರೆಸಿದ ಒಂದು ಹಿಡಿ ಮಣ್ಣು, ಸಮುದ್ರ ದಾಟಿ ಒಬ್ಬ ಅರೆಹೊಟ್ಟೆಯ ನೇಕಾರಳ ರೊಟ್ಟಿಯಲ್ಲಿ ಬಿತ್ತು. ತಕ್ಕಡಿ ಹಿಡಿಯುವ ನನ್ನ ಅಣ್ಣತಮ್ಮಂದಿರು ಇದನ್ನು ನೆನಪಿನಲ್ಲಿಡಬೇಕು. ಬೆರೆಸಿದವನಿಗೆ ಅವಳ ಮುಖ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಪೆಟ್ಟು ಬಿದ್ದದ್ದು ಅವಳಿಗೇ.

ಇನ್ನು ಮುಂಬಯಿಯ ಕಥೆ. ಹತ್ತಿಯಲ್ಲಿ ಬಂದ ಹಣವನ್ನು ಇನ್ನಷ್ಟು ಮಾಡುವ ಹುಚ್ಚು ಹತ್ತಿತು. ದಿನಕ್ಕೊಂದು ಬ್ಯಾಂಕು, ವಾರಕ್ಕೊಂದು ಕಂಪನಿ ಎನ್ನುವ ಹಾಗಾಯಿತು. ಸಮುದ್ರವನ್ನು ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಒಂದು ಷೇರಿಗೆ 50,000ದವರೆಗೆ ಕೂಗು ಹೋಯಿತು. ಕಾರಕೂನರು, ಅಂಗಡಿಕಾರರು, ವಿಧವೆಯರು ಗಂಟು ಬಿಚ್ಚಿ ಷೇರು ಕೊಂಡರು. 5,000 ಇದ್ದವನು 50,000 ಇದ್ದವನನ್ನು ನೋಡಿ ನಿದ್ದೆಗೆಟ್ಟ. 50,000 ಇದ್ದವನು ಲಕ್ಷದವನನ್ನು ನೋಡಿ ಕೆಟ್ಟ. 1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಶಸ್ತ್ರ ಕೆಳಗಿಟ್ಟ. ಯುದ್ಧ ಮುಗಿದ ಸುದ್ದಿ ಬರುತ್ತಲೇ ಹತ್ತಿಯ ಬೆಲೆ ಕುಸಿಯಿತು. ಲೋಕಕ್ಕೆ ಶಾಂತಿ ಬಂದದ್ದೇ ಇವರಿಗೆ ಸಿಡಿಲಾಯಿತು ನೋಡಿರಿ! ಜುಲೈ 1ರಂದು ವಾಯಿದೆಯ ಸೌದೆಗಳನ್ನು ತೀರಿಸಬೇಕಾದ ದಿನ. ಅಂದು ದೊಡ್ಡ ದೊಡ್ಡ ಪೇಢಿಗಳು ಮುಳುಗಿದವು, ಷೇರು ಬರಿಯ ಕಾಗದವಾಯಿತು. ಆ ಧಕ್ಕೆಯಿಂದ ಏಳಲಾರದೆ ಮುಂಬಯಿ ಬ್ಯಾಂಕು 1868ರಲ್ಲಿ ಮುಚ್ಚಿತು.

ಆ ಆಟದ ದೊಡ್ಡ ಆಟಗಾರ ಪ್ರೇಮಚಂದ ರಾಯಚಂದ. ಅವನೂ 1865ರಲ್ಲಿ ಸೋತ. ಆದರೆ ಅದರ ಹಿಂದಿನ ವರ್ಷ, ಏರುಗಾಲದಲ್ಲಿ, ಮುಂಬಯಿ ವಿಶ್ವವಿದ್ಯಾಲಯಕ್ಕೆ ಪುಸ್ತಕಾಲಯಕ್ಕೆಂದು 2 ಲಕ್ಷ, ತಾಯಿಯ ಹೆಸರಿನ ಗೋಪುರಕ್ಕೆಂದು 2 ಲಕ್ಷ ಕೊಟ್ಟಿದ್ದ. 1878ರಲ್ಲಿ ಕೆಲಸ ಮುಗಿದ ಆ ರಾಜಾಬಾಯಿ ಗೋಪುರ ಇಂದಿಗೂ ನಿಂತಿದೆ. ಬಿಗಿಹಿಡಿದ ಕೋಟಿಗಳು ಒಂದೇ ಬೇಸಿಗೆಯಲ್ಲಿ ಕರಗಿದವು. ಕೈಬಿಟ್ಟ 4 ಲಕ್ಷ ಮಾತ್ರ ಉಳಿಯಿತು. ಸಮಾಜವಾದಿಯಾದ ನಾನು ಶ್ರೀಮಂತರ ದಾನವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಲೆಕ್ಕ ಬಲ್ಲ ವ್ಯಾಪಾರಿಗಳು ಇಲ್ಲಿದ್ದೀರಿ, ಲೆಕ್ಕಕ್ಕಾಗಿ ಹೇಳಿದೆ.

ದಾನದ ಮಾತು ಬಂದದ್ದರಿಂದ ಇನ್ನೊಂದು ಭೇದವನ್ನೂ ಹೇಳಬೇಕು. ಲ್ಯಾಂಕಶೈರಿನಲ್ಲಿ ಪರಿಹಾರ ಕಮಿಟಿಗಳಿದ್ದವು. ಸ್ಟೇಲಿಬ್ರಿಜ್ಜಿನ ಕಮಿಟಿಯವರು 1863ರ ಮಾರ್ಚಿಯಲ್ಲಿ, ಕೈಗೆ ಹಣ ಕೊಡುವುದು ಬೇಡ, ಚೀಟಿ ಕೊಡೋಣ, ಗೊತ್ತುಮಾಡಿದ ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳಲಿ ಎಂದು ನಿರ್ಣಯಿಸಿದರು. ಬಡವನ ಕೈಯಲ್ಲಿ ಕಾಸು ಕೊಟ್ಟರೆ ಕೆಡಿಸುತ್ತಾನೆಂಬ ಭಾವನೆ! ಜನ ಸಿಡಿದೆದ್ದರು, ಕಿಟಕಿ ಬಾಗಿಲು ಒಡೆದರು, ದಂಡು ಬಂತು. ಹಸಿದವರು ಅನ್ನವನ್ನು ಬೇಡವೆಂದರೇ? ಅಲ್ಲ, ಅವಮಾನವನ್ನು ಬೇಡವೆಂದರು. ಕಾಣದ ದೇಶದ ಗುಲಾಮನಿಗಾಗಿ ತನ್ನ ತುತ್ತು ಬಿಡಬಲ್ಲ ಜನ ಭಿಕ್ಷೆಗೆ ತಲೆ ಬಾಗಿಸಲೊಲ್ಲರು. ಮೇಲೆ ನಿಂತು ಎಸೆಯುವುದು ಭಿಕ್ಷೆ. ಪಕ್ಕದಲ್ಲಿ ಕುಳಿತು ಹಂಚಿಕೊಳ್ಳುವುದು ಔದಾರ್ಯ.

ಇದನ್ನು ನಮ್ಮ ನಾಡಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕದ ಜೊತೆಗೆ ದಾಸೋಹವೆಂದರು, ದಾನವೆನ್ನಲಿಲ್ಲ. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನೇ ದಾಸ. ಆಯ್ದಕ್ಕಿ ಮಾರಯ್ಯನ ಕಥೆ ನಿಮ್ಮ ಮನೆಯ ಮುದುಕಿಯರಿಗೂ ಗೊತ್ತು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಮೊರ ಹಿಡಿಯಲಿಲ್ಲ. ಇದು ನಮ್ಮ ಅಳತೆಯದಲ್ಲ, ಹೋಗಿ ಅಲ್ಲಿಯೇ ಸುರಿದು ಬಾ ಎಂದಳು. ಆ ಮನೆಯಲ್ಲಿ ನಾಳಿನ ಅಕ್ಕಿ ಇರಲಿಲ್ಲ. ಆದರೂ ಜಂಗಮರನ್ನು ಕರೆದು ಉಣಿಸಿದರು. ಮಾರುಕಟ್ಟೆಯ ಅಂಗಳದಲ್ಲಿ ಚೀಲದಿಂದ ಚೆಲ್ಲಿದ ಕಾಳನ್ನು ಗುಡಿಸಿ ಒಯ್ಯುವ ತಾಯಂದಿರನ್ನು ನೀವು ದಿನವೂ ನೋಡುತ್ತೀರಿ. ಲಕ್ಕಮ್ಮ ಅವರ ಪೈಕಿಯವಳು, ಅರಮನೆಯವಳಲ್ಲ.

ಬರಿಯ ಒಳ್ಳೆಯ ಮನಸ್ಸು ಸಾಕೇ? ಸಾಲದು. ಮನಸ್ಸು ಇಂದು ಇರುತ್ತದೆ, ನಾಳೆ ಜಾರುತ್ತದೆ. ಹಂಚಿಕೊಳ್ಳುವುದಕ್ಕೆ ಕಟ್ಟುಪಾಡು ಬೇಕು. ಅದೇ ರಾಚ್‌ಡೇಲಿನಲ್ಲಿ 1844ರಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ 28 ಜನ ವಾರವಾರ ಪೆನ್ನಿ ಪೆನ್ನಿ ಕೂಡಿಸಿ 28 ಪೌಂಡಿನ ಬಂಡವಳ ಮಾಡಿ, ಡಿಸೆಂಬರ್ 21ರಂದು ಟೋಡ್ ಲೇನಿನಲ್ಲಿ ಒಂದು ಅಂಗಡಿ ತೆರೆದರು. ಹಿಟ್ಟು, ಸಕ್ಕರೆ, ಬೆಣ್ಣೆ, ಮೇಣದಬತ್ತಿ, ಇಷ್ಟೇ ಸರಕು. ಬೀದಿಯ ಹುಡುಗರು ನಕ್ಕರು. ಶುದ್ಧ ಮಾಲು, ಪೂರ್ತಿ ತೂಕ, ಒಬ್ಬನಿಗೆ ಒಂದೇ ಮತ, ಉಳಿದ ಲಾಭ ಕೊಂಡವರಿಗೇ ಹಂಚಿಕೆ ಎಂಬ ಅವರ ನಿಯಮಗಳೇ ಮುಂದೆ ಲೋಕದ ಸಹಕಾರ ಸಂಘಗಳಿಗೆಲ್ಲ ಮಾದರಿಯಾದವು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಲ್ಲಿ ಒಬ್ಬೊಬ್ಬನೇ ಮುಳುಗುತ್ತಿದ್ದ ರೈತನಿಗೆ, ಒಬ್ಬನ ಸಾಲಕ್ಕೆ ಹತ್ತು ಜನರ ಹೆಗಲು ಎಂಬ ಧೈರ್ಯ ಸಿಕ್ಕಿತು.

ಆದರೆ ಎಚ್ಚರದ ಮಾತೂ ರಾಚ್‌ಡೇಲಿನದೇ. ಅಂಗಡಿ ಬೆಳೆಯಿತೆಂದು 1854ರಲ್ಲಿ ಅವರು ಸಹಕಾರದ ಗಿರಣಿಯನ್ನೂ ಹೂಡಿದರು. ಲಾಭದಲ್ಲಿ ಷೇರುದಾರನಿಗೆ ಒಂದು ಪಾಲು, ದುಡಿಯುವವನಿಗೆ ಒಂದು ಪಾಲು ಎಂಬ ನಿಯಮವಿತ್ತು. ಗಿರಣಿಗೆ ಒಳ್ಳೆಯ ಹೆಸರು ಬಂದಂತೆ ಲಾಭಕ್ಕಾಗಿಯೇ ಷೇರು ಕೊಂಡವರು ಒಳಸೇರಿದರು. 1862ರಲ್ಲಿ ಅವರೆಲ್ಲ ಕೂಡಿ ಮತ ಹಾಕಿ ದುಡಿಯುವವನ ಪಾಲನ್ನು ತೆಗೆದುಹಾಕಿದರು. ಗಮನಿಸಿರಿ: ಅದೇ ಊರು, ಅದೇ ಬರಗಾಲದ ವರ್ಷ. ಅತ್ತ ಕಾಣದ ಗುಲಾಮನಿಗಾಗಿ ಹಸಿವು ತಡೆದವರು. ಇತ್ತ ಕಣ್ಣೆದುರಿನ ಕೆಲಸಗಾರನ ಪಾಲನ್ನು ಕೈಯೆತ್ತಿ ಕಸಿದವರು. ದುರಾಸೆ ಮಾಲಕನ ಬಂಗಲೆಯಲ್ಲಿ ಮಾತ್ರ ಇರುತ್ತದೆಂದು ಯಾರೂ ಮೈಮರೆಯಬಾರದು. ಅದು ಸಂಘದ ಸಭೆಯಲ್ಲಿ ಕೈಯೆತ್ತುವ ರೂಪದಲ್ಲಿಯೂ ಬರುತ್ತದೆ.

ಇನ್ನು ನಮ್ಮ ಊರಿಗೆ ಬರೋಣ. 1980ರ ದಶಕದಲ್ಲಿ, ನಾನು ಹುಡುಗನಾಗಿದ್ದಾಗ, ನಮ್ಮ ಓಣಿಯ ಗಿರಣಿಯವರ ಸಂಪು ಒಂದೂವರೆ ತಿಂಗಳು ನಡೆಯಿತು. ಓಣಿಯ ತುದಿಯಲ್ಲಿ ಒಬ್ಬ ಕಿರಾಣಿ ಅಂಗಡಿಯವರು. ಅವರದೂ ಸಾಲದ ಬಂಡವಳವೇ. ಅಷ್ಟೂ ದಿನ ಜೋಳ, ಎಣ್ಣೆ, ಉಪ್ಪು ಉದ್ರಿ ಕೊಟ್ಟರು. ಸಂಪು ಮುಗಿದ ಮೇಲೆ ಪಗಾರ ಪಗಾರಕ್ಕೆ ಜನ ತೀರಿಸಿದರು. ಎರಡು ಮೂರು ಮನೆಯವರು ಊರು ಬಿಟ್ಟಿದ್ದರಿಂದ ಅಷ್ಟು ಹೋಯಿತು. ನಾನು ದೊಡ್ಡವನಾದ ಮೇಲೆ ಒಂದು ದಿನ ಅವರನ್ನು ಕೇಳಿದೆ, "ಕಾಕಾ, ನಿಮಗ ಲುಕ್ಸಾನ ಆಗಲಿಲ್ಲೇನ್ರಿ?" ಅವರೆಂದರು: "ಆತಪಾ, ಆಗಲಿಲ್ಲ ಅಂತ ಯಾಕ ಸುಳ್ಳ ಹೇಳಲಿ. ಆದ್ರ ಪ್ಯಾಟ್ಯಾಗ ಯಾರನ್ನ ಕಂಡ್ರೂ ಮಾರಿ ತಿರುವಿಕೊಂಡು ಹೋಗೂ ಹಂಗಿಲ್ಲ ನಾ."

ನೆಮ್ಮದಿಯೆಂದರೆ ಏನೆಂದು ನೀವು ಕೇಳಿದ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಗೊತ್ತಿಲ್ಲ. ದುರಾಸೆಯವನಿಗೆ ಪಕ್ಕದವನು ಯಾವಾಗಲೂ ಪೈಪೋಟಿಯವನು. ಆದ್ದರಿಂದ ಅವನಿಗೆ ಯಾವಾಗಲೂ ಭಯ. ಹಂಚಿಕೊಂಡವನಿಗೆ ಪಕ್ಕದವನು ಆಸರೆ. ಆದ್ದರಿಂದ ಕಷ್ಟದಲ್ಲಿಯೂ ಅವನಿಗೆ ನಿದ್ದೆ ಬರುತ್ತದೆ.

ಸಂಗಾತಿಗಳೇ, ಗುತ್ತಿಗೆಯವರಿಗೆ ಕೊಟ್ಟರೆ ನಿಮ್ಮದು ಕಡಿಮೆಯಾಗುತ್ತದೆ ಎಂಬುದು ಮಾಲಕನ ಲೆಕ್ಕ. ತನ್ನ ಲಾಭದ ಪುಸ್ತಕವನ್ನು ಮುಚ್ಚಿಟ್ಟು ಹೇಳುವ ಲೆಕ್ಕ. ನಮ್ಮ ಲೆಕ್ಕ ಬೇರೆ. ಇಂದು ಕಡಿಮೆ ಪಗಾರಕ್ಕೆ ದುಡಿಯುವ ಆ ಹುಡುಗನೇ, ನಾಳೆ ನಿನ್ನ ಜಾಗಕ್ಕೆ ಇವನೇ ಸಾಕು ಎನ್ನುವುದಕ್ಕೆ ಮಾಲಕನ ಕೈಯ ಅಸ್ತ್ರವಾಗುತ್ತಾನೆ. ಅವನ ಪಗಾರ ಏರಿದ ದಿನ ನಿಮ್ಮ ಕೆಲಸ ಗಟ್ಟಿಯಾಗುತ್ತದೆ. ಹಾಗೆ ಲಾಭವಾಗುತ್ತದೆಂದೇ ಮಾಡಬೇಕಾಗಿಲ್ಲ. ಒಂದು ವರ್ಷ ಬೋನಸ್ಸು ನಿಜವಾಗಿಯೂ ಕಡಿಮೆಯಾಯಿತೆಂದೇ ಇಟ್ಟುಕೊಳ್ಳೋಣ. ಹೊಟ್ಟೆಗಿಲ್ಲದ ಜನ ಹತ್ತಿಯನ್ನೇ ಬೇಡವೆಂದ ಚರಿತ್ರೆಯ ಮುಂದೆ ಅದು ಎಷ್ಟು ದೊಡ್ಡ ತ್ಯಾಗ?

ಪೇಟೆಯ ಅಣ್ಣತಮ್ಮಂದಿರಿಗೂ ಒಂದು ಮಾತು. ಗಿರಣಿಯವನ ಪಗಾರ ನಿಮ್ಮ ಗಲ್ಲೆಗೇ ಬರುತ್ತದೆ. ಗುತ್ತಿಗೆಯವನ ಕೈಯಲ್ಲಿ ನಾಲ್ಕು ಕಾಸು ಹೆಚ್ಚು ಆಡಿದರೆ ನಿಮ್ಮ ವ್ಯಾಪಾರವೂ ಆಡುತ್ತದೆ. ಸಂಪಿನ ಕಾಲಕ್ಕೆ ಎಲ್ಲ ಹೊರೆಯನ್ನು ಒಬ್ಬ ಅಂಗಡಿಕಾರ ಹೊರಲಾರ; ಹೊರಬೇಕೆಂದು ಕೇಳುವುದೂ ನ್ಯಾಯವಲ್ಲ. ಆದ್ದರಿಂದ ಇಂದಿನಿಂದಲೇ ಒಂದು ನಿಧಿ ಮಾಡೋಣ. ಖಾಯಂ ಕೆಲಸಗಾರರು ಪಗಾರದ ದಿನ ಇಷ್ಟು, ಅಂಗಡಿಕಾರರು ಸಂತೆಯ ದಿನ ಇಷ್ಟು ಎಂದು ಗೊತ್ತುಮಾಡಿ ಕೂಡಿಸಲಿ. ಲೆಕ್ಕವನ್ನು ಪ್ರತಿ ತಿಂಗಳು ಸಂಘದ ಕಚೇರಿಯ ಗೋಡೆಗೆ ಅಂಟಿಸಲಿ. ಅದರಿಂದ ಸಹಾಯ ಪಡೆಯುವವನು ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಾಗಿಲ್ಲ. ಅದು ಅವನದೇ ಹಣ.

ಸಭೆಯ ಕೊನೆಗೆ ಅಧ್ಯಕ್ಷರು ಗುತ್ತಿಗೆಯವರ ಬೇಡಿಕೆಯ ಮೇಲೆ ಕೈಯೆತ್ತಲು ಹೇಳಲಿದ್ದಾರೆ. ರಾಚ್‌ಡೇಲಿನ ಷೇರುದಾರರು 1862ರಲ್ಲಿ ಹೇಗೆ ಕೈಯೆತ್ತಿದರು, ಅದೇ ವರ್ಷ ಮ್ಯಾಂಚೆಸ್ಟರಿನ ಹಸಿದ ಜನ ಹೇಗೆ ಎತ್ತಿದರು, ಎರಡನ್ನೂ ಹೇಳಿದ್ದೇನೆ. ಇನ್ನು ಕೈ ನಿಮ್ಮದು.